ಗ್ಲೌಸಿಗೂ ಮುಸುರೆ ಅಂದ ಆಚಾರ್ರು

ಹೈದರಾಬಾದಿನ ಉಪ್ಪಲ್ ಮೆಟ್ರೋ ಸ್ಟೇಷನ್ನಿನ ಕೆಳಗೊಂದು ಮಿಠಾಯಿ ಅಂಗಡಿ ಇದೆ. ಕಳೆದ ವಾರ ಅಲ್ಲಿ ಜಿಲೇಬಿ ಕಟ್ಟಿಸಿಕೊಳ್ಳಲು ನಿಂತಿದ್ದೆ. ಕೌಂಟರಿನ ಹಿಂದಿದ್ದವನು ಎರಡೂ ಕೈಗೆ ಗ್ಲೌಸ್ ಹಾಕಿಕೊಂಡಿದ್ದ. ನೋಡಿ ಖುಷಿಯಾಯಿತು. ಆದರೆ ಆ ಗ್ಲೌಸಿನ ಕೈಯಿಂದಲೇ ಅವನು ಕುತ್ತಿಗೆ ಕೆರೆದುಕೊಂಡ, ಮೊಬೈಲ್ ಎತ್ತಿ ಯಾರಿಗೋ ತೆಲುಗಿನಲ್ಲಿ "ವಸ್ತುನ್ನಾ", ಬರ್ತಿದ್ದೀನಿ, ಅಂದ, ಫ್ಯಾನಿನ ಸ್ವಿಚ್ಚು ಒತ್ತಿದ, ಆಮೇಲೆ ಅದೇ ಕೈಯನ್ನು ನನ್ನ ಜಿಲೇಬಿಗೆ ಹಾಕಿದ. "ಮುಸುರಿ ಆತಲ್ಲೋ!" ಎಂದು ನಾನು ಕೂಗಿಯೇ ಬಿಟ್ಟೆ. ಕನ್ನಡ ತಿಳಿಯದ ಆತ ತಟ್ಟೆಗಳನ್ನೆಲ್ಲ ಒಮ್ಮೆ ನೋಡಿ, "ಮುಸುರಿ ಲೇದಮ್ಮಾ, ಮೈಸೂರ್ ಪಾಕ್ ಉಂದಿ" ಅಂದ. ಮುಸುರಿ ಅನ್ನುವ ಮಿಠಾಯಿ ಇಲ್ಲವಂತೆ, ಮೈಸೂರ್ ಪಾಕ್ ಇದೆಯಂತೆ.

ಆ ಕೂಗು ನಿಜವಾಗಿ ನನ್ನದಲ್ಲ, ಹಿಂದೆ ನಾನು ಕೆಲಸ ಮಾಡುತ್ತಿದ್ದ ಅಡುಗೆ ಕಾರ್ಖಾನೆಯ ಆಚಾರ್ರದು. ಅವರು ತೀರಿಕೊಂಡದ್ದು ಈ ಬೇಸಿಗೆಯಲ್ಲಿ. ಮನುಷ್ಯ ಹೋದ ಮೇಲೆ ಅವನ ಒಳ್ಳೆಯತನ ನೆನಪಾಗುತ್ತದೆ ಅನ್ನುತ್ತಾರೆ. ನನಗೆ ಮೊದಲು ನೆನಪಾದದ್ದು ಅವರ ಕಿರಿಕಿರಿ, ಅದೂ ನನ್ನ ಬಾಯಿಂದಲೇ ಹೊರಬಿದ್ದು.

ಅವರಿಗೊಂದು ಹೆಸರಿತ್ತು. ಅದು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಕನ್ನಡದವರಿಗೆ ಆಚಾರ್ರು, ತೆಲುಗಿನವರಿಗೆ ಆಚಾರಿಗಾರು. ಊಟದ ವ್ಯಾನು ಓಡಿಸುತ್ತಿದ್ದ ಹಳೇ ಶಹರದ ಡ್ರೈವರುಗಳಿಗೆ ಮಾತ್ರ ಅವರು ‘ಅಚಾರ್ ಸಾಬ್’, ಅಂದರೆ ಉಪ್ಪಿನಕಾಯಿ ಸಾಹೇಬರು. "ಅಚಾರ್ ಸಾಬ್, ಗಾಡಿ ನಿಕಲ್ರೀ, ಜಲ್ದಿ ಕರೋ" ಎಂದು ಆ ಡ್ರೈವರುಗಳು ವ್ಯಾನು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಅವಸರಿಸುತ್ತಿದ್ದರು. ಆಚಾರ್ರಿಗೆ ಆ ಹೆಸರಿನ ಮೇಲೆ ಸಿಟ್ಟಿರಲಿಲ್ಲ. "ಖರೇ ಅದ ಬಿಡ್ರಿ. ಉಪ್ಪಿನಕಾಯಿಗೆ ಹಸಿ ಕೈ ತಾಕಿದ್ರ ಬೂಷ್ಟು ಹಿಡೀತದ. ನಾನೂ ಹಂಗಽ" ಎಂದು ನಗುತ್ತಿದ್ದರು. ಆ ನಗುವನ್ನು ನೋಡಲು ಸ್ವಲ್ಪ ದೂರದಲ್ಲೇ ನಿಂತಿರಬೇಕಿತ್ತು. ಹತ್ತಿರ ಬಂದರೆ ಕೈ ತೋರಿಸು ಅನ್ನುತ್ತಿದ್ದರು.

ಹೈಟೆಕ್ ಸಿಟಿ ಆಗಷ್ಟೇ ಎದ್ದು ನಿಂತಿದ್ದ ಕಾಲ ಅದು. ಈಗ ಅಪಾರ್ಟ್‌ಮೆಂಟುಗಳು ತುಂಬಿಕೊಂಡಿರುವ ಮಣಿಕೊಂಡದಲ್ಲಿ ಆಗ ಬಂಡೆಗಳ ನಡುವೆ ಮೇಕೆ ಮೇಯುತ್ತಿದ್ದವು. ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ಮಧ್ಯಾಹ್ನದ ಊಟ ಶಹರದ ಇನ್ನೊಂದು ತುದಿಯಿಂದ, ನಾಚಾರಂನ ನಮ್ಮ ಅಡುಗೆ ಕಾರ್ಖಾನೆಯಿಂದ ಹೋಗುತ್ತಿತ್ತು. ಒಂದು ಮಗ್ಗುಲಲ್ಲಿ ಬಣ್ಣದ ಫ್ಯಾಕ್ಟರಿ, ಇನ್ನೊಂದು ಮಗ್ಗುಲಲ್ಲಿ ನಟ್ಟು ಬೋಲ್ಟು, ನಡುವೆ ನಮ್ಮ ಸಾಂಬಾರು. ಬೀದರಿನಿಂದ ಮದುವೆಯಾಗಿ ಬಂದಿದ್ದ ನನಗೆ ಅಲ್ಲಿ ಸಾಮಾನು ತರಿಸುವ ಮತ್ತು ಕಂಪನಿಗಳ ಫೋನಿಗೆ ಉತ್ತರ ಕೊಡುವ ಕೆಲಸ. ಆಚಾರ್ರು ವಿಜಯಪುರದ ಕಡೆಯವರು. ಮದುವೆ ಮುಂಜಿವೆಗಳ ಅಡುಗೆ ಮಾಡಿಕೊಂಡೇ ಹೈದರಾಬಾದಿಗೆ ಬಂದು, ವಯಸ್ಸಾಗಿ ಒಲೆಯ ಝಳ ತಡೆಯದಾದಾಗ ನಮ್ಮಲ್ಲಿ ರುಚಿ ನೋಡುವವರಾಗಿ ಸೇರಿದ್ದರು. ರುಚಿಯನ್ನೂ ನಾಲಿಗೆಯಿಂದ ನೋಡುತ್ತಿರಲಿಲ್ಲ. ಹೊರಗಿನದು ಉಣ್ಣದ ಮನುಷ್ಯ ಅವರು. ಉಗಿಯ ವಾಸನೆ ಹಿಡಿದೇ ಉಪ್ಪು ಕಡಿಮೆ ಅಂದುಬಿಡುತ್ತಿದ್ದರು.

ಒಂದು ದಿನ ದೊಡ್ಡ ಕಂಪನಿಯೊಂದರಿಂದ ಫರ್ಮಾನು ಬಂತು. ಇನ್ನು ಮೇಲೆ ಊಟಕ್ಕೆ ಬರಿಗೈ ತಾಗಕೂಡದು, ಎಲ್ಲರೂ ಬಳಸಿ ಬಿಸಾಡುವ ಗ್ಲೌಸ್ ಹಾಕಬೇಕು, ಅದನ್ನು ನೋಡಿಕೊಳ್ಳಲು ಒಬ್ಬ ಮನುಷ್ಯ ಇರಬೇಕು. ದಿನವಿಡೀ ಬೇರೆಯವರ ಕೈಯನ್ನೇ ನೋಡುತ್ತ, ತಪ್ಪು ಹುಡುಕುತ್ತ, ಬೇಸರವಿಲ್ಲದೆ ಬೈಯುವ ಮನುಷ್ಯ ಎಲ್ಲಿ ಸಿಗಬೇಕು? ನಮ್ಮ ಮಾಲಕಿ ಮೇಡಂ ಯೋಚನೆ ಕೂಡ ಮಾಡಲಿಲ್ಲ. "ಆಚಾರಿಗಾರು ಉಂಡಗಾ ಇಂಕೆವರು?" ಅಂದರು. ಆಚಾರ್ರು ಇರುವಾಗ ಇನ್ನೊಬ್ಬರೇಕೆ ಎಂದು ನಾವೂ ತಲೆಯಾಡಿಸಿದೆವು.

ಅವರು ಅಲ್ಲಿಯವರೆಗೆ ಜೀವನದಲ್ಲಿ ಗ್ಲೌಸ್ ಮುಟ್ಟಿದವರಲ್ಲ. ಸಿಕಂದರಾಬಾದಿನಿಂದ ಮಾಲು ತಂದಿದ್ದ ಸೇಲ್ಸಿನವನಿಗೆ ಅವರು ಕೇಳಿದ ಮೊದಲ ಪ್ರಶ್ನೆ, "ಇದು ಚರ್ಮದ್ದೇನು?" ಅಲ್ಲ ಸಾರ್, ಲೇಟೆಕ್ಸು, ರಬ್ಬರ್ ಮರದ ಹಾಲಿನಿಂದ ಮಾಡುತ್ತಾರೆ ಎಂದು ಅವನು ಬೆವರು ಒರೆಸಿಕೊಂಡು ಹೇಳಿದ. ಆಚಾರ್ರ ಮುಖ ಅರಳಿತು. "ಗಿಡದ ಹಾಲು! ಹಂಗಾರ ನಡೀತದ, ನಡೀತದ." ಒಂದು ವಾರ ಎಲ್ಲರ ಕೈಯಲ್ಲೂ ಗಿಡದ ಹಾಲೇ. ಆಮೇಲೆ ತರಕಾರಿ ಹೆಚ್ಚುವ ಒಬ್ಬಾಕೆಯ ಮುಂಗೈ ಮೇಲೆ ಕೆಂಪು ಗಂಧೆಗಳು ಎದ್ದವು. ಕೆಲವರ ಮೈಗೆ ಲೇಟೆಕ್ಸ್ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಆಚಾರ್ರು, "ಹಾಲು ಎಲ್ಲಾರಿಗೂ ಒಗ್ಗೂದಿಲ್ಲ, ಖರೇ. ನಮ್ಮ ಮಾವನವರಿಗೂ ಒಗ್ಗತಿರಲಿಲ್ಲ" ಎಂದು ಆ ಡಬ್ಬಿಗಳನ್ನೆಲ್ಲ ವಾಪಸು ಮಾಡಿಸಿದರು.

ಆಮೇಲೆ ಅವರೇ ಒಂದೊಂದು ಜಾತಿಯ ಗ್ಲೌಸನ್ನೂ ಪರೀಕ್ಷೆಗೆ ಹಚ್ಚಿದರು. ತೆಳ್ಳನೆಯ ಪಾಲಿಥೀನು ಸೌತೆಕಾಯಿ ಹೋಳು ಬಡಿಸುವವರಿಗೆ ಸಾಕು. ವಿನೈಲು ಅಗ್ಗ, ಆದರೆ ಸಡಿಲ, ಎಣ್ಣೆ ಬಿದ್ದರೆ ತಾಳುವುದಿಲ್ಲ, ಒಣ ಪೊಟ್ಟಣ ಕಟ್ಟುವವರಿಗೆ ಸರಿ. ನೈಟ್ರೈಲು ನೀಲಿ, ಕೈಗೆ ಬಿಗಿಯಾಗಿ ಕೂರುತ್ತದೆ, ಮೆಣಸಿನಕಾಯಿಯ ಖಾರವನ್ನೂ ಎಣ್ಣೆಯನ್ನೂ ತಡೆಯುತ್ತದೆ. ಒಲೆಯ ಹತ್ತಿರ ಮಾತ್ರ ಇವು ಯಾವುವೂ ಬೇಡ, ಅರಿವೆ ಮತ್ತು ಇಕ್ಕಳ. ಇದನ್ನು ಮನವರಿಕೆ ಮಾಡಿಕೊಡಲು ಅವರು ಇಕ್ಕಳದಲ್ಲಿ ಒಂದು ಪಾಲಿಥೀನ್ ಗ್ಲೌಸ್ ಹಿಡಿದು ಉರಿಯ ಹತ್ತಿರ ಒಯ್ದರು. ಅದು ಕ್ಷಣದಲ್ಲಿ ಮುದುರಿ ಇಕ್ಕಳಕ್ಕೆ ಅಂಟಿತು. "ಬೆರಳಿಗೂ ಹಿಂಗಽ ಅಂಟ್ಕೋತದ. ಆಮ್ಯಾಲ ಗ್ಲೌಸ್ ಬಿಚ್ಚೂದಲ್ಲ, ಚರ್ಮಾ ಬಿಚ್ಚೂದು" ಅಂದರು. ಅಂದಿನಿಂದ ಒಲೆಯ ಮುಂದೆ ಯಾರೂ ಶೋಕಿ ಮಾಡಲಿಲ್ಲ.

ಹೊಸಬರು ಯಾರೇ ಬಂದರೂ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. "ಈ ಗ್ಲೌಸ್ ಯಾರಿಂದ ಯಾರಿಗೆ?" ಪಾಪ, ಹೊಸಬರು ಕಣ್ಣು ಕಣ್ಣು ಬಿಡುತ್ತಿದ್ದರು. ಮೆಣಸಿನಕಾಯಿ ಹೆಚ್ಚುವಾಗ ಮೆಣಸಿನಕಾಯಿಯಿಂದ ಕೈಯನ್ನು ಕಾಯಬೇಕು, ಕೋಸಂಬರಿ ಕಲಸುವಾಗ ಕೈಯಿಂದ ಕೋಸಂಬರಿಯನ್ನು ಕಾಯಬೇಕು. ಯಾರು ಯಾರಿಂದ ಉಳಿಯಬೇಕು ಎಂಬುದು ಗೊತ್ತಾಗದೆ ಗ್ಲೌಸ್ ಆರಿಸಲಾಗದು ಎಂಬುದು ಅವರ ವಾದ. ಅದರ ಬೆನ್ನಿಗೇ ಮಹಾವಾಕ್ಯ ಬರುತ್ತಿತ್ತು. "ಗ್ಲೌಸ್ ಹಾಕ್ಕೊಂಡ ಕೂಡ್ಲೆ ಕೈ ಮಡಿ ಆಗೂದಿಲ್ಲ. ಗ್ಲೌಸ್ ಮೈಲಿಗಿ ಆಗ್ತದ, ಅಷ್ಟಽ."

ಇಲ್ಲಿ ಅವರ ಅಜ್ಜಿ ಕಲಿಸಿದ್ದ ಮಡಿಶಾಸ್ತ್ರ ಕೆಲಸಕ್ಕೆ ಬಂತು. ಅನ್ನ ಮುಟ್ಟಿದ ಕೈ ಮುಸುರೆ, ಅದನ್ನು ಹಾಲಿಗೆ ಹಾಕಬಾರದು. ಹಾಗೆಯೇ ಅನ್ನ ಮುಟ್ಟಿದ ಗ್ಲೌಸೂ ಮುಸುರೆ, ಅದನ್ನು ಫ್ರಿಜ್ಜಿನ ಹಿಡಿಕೆಗೆ ಹಾಕಬಾರದು. ಬಾಯಿ ಒರೆಸಿಕೊಂಡ ಗ್ಲೌಸ್ ಎಂಜಲು. ಕಸದ ಡಬ್ಬಿ ಮುಟ್ಟಿದ್ದು ಪೂರಾ ಮೈಲಿಗೆ. ಎಷ್ಟು ಸಲ ಗ್ಲೌಸ್ ಬದಲಿಸಬೇಕು ಎಂದು ಕಂಪನಿಯವರು ಕಳಿಸಿದ್ದ ಇಂಗ್ಲಿಷ್ ಚಿತ್ರಪಟದಲ್ಲಿ ಏನಿತ್ತೋ ಅದೆಲ್ಲ ಅವರ ‘ಮುಸುರಿ ಆತು!’ ಎಂಬ ಒಂದು ಕೂಗಿನಲ್ಲಿ ಅಡಗಿತ್ತು. ಯಾದಗಿರಿಯವರೂ ವಾರಂಗಲ್ಲಿನವರೂ ಆ ಕೂಗಿಗೆ ಒಂದೇ ರೀತಿ ಹಾರಿಬೀಳುತ್ತಿದ್ದರು. ತಪಾಸಣೆಗೆ ಬಂದ ಕಂಪನಿಯ ಮೇಡಂ ಒಬ್ಬರು ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ಹಿಡಿದಿದ್ದಕ್ಕೆ ಆಚಾರ್ರು ಅವರ ಮೇಲೂ ಕೂಗಿದರು. ಗಿರಾಕಿ ಕೈಬಿಟ್ಟು ಹೋಯಿತೆಂದೇ ಅಂದುಕೊಂಡೆ. ಆ ಮೇಡಂ ಮಾತ್ರ ಸಾರಿ ಅಂದು ಹೊಸ ಜೋಡಿ ಇಸಿದುಕೊಂಡರು.

ಒಮ್ಮೆ ಮಾತ್ರ ಅವರನ್ನು ನಾನು ಅವರದೇ ಶಾಸ್ತ್ರದಲ್ಲಿ ಹಿಡಿದೆ. ತೂತಿದೆಯೇ ಎಂದು ನೋಡಲು ಅವರು ಗ್ಲೌಸುಗಳನ್ನು ಕೆನ್ನೆಯುಬ್ಬಿಸಿ ಊದುತ್ತಿದ್ದರು. ಆ ಹೊತ್ತಿನಲ್ಲಿ ಜಾತ್ರೆಯ ಪುಗ್ಗೆ ಮಾರುವವರ ಹಾಗೆ ಕಾಣುತ್ತಿದ್ದರು. "ಆಚಾರ್ರ, ಬಾಯಿ ಹಚ್ಚಿ ಊದಿದ್ದು ಏನಾಗ್ತದರಿ?" ಎಂದು ಕೇಳಿದೆ. ಅವರು ಅರ್ಧ ಊದಿದ್ದ ಗ್ಲೌಸನ್ನು ಬಾಯಿಂದ ತೆಗೆದು, ಅದನ್ನೂ ನನ್ನನ್ನೂ ನೋಡಿ, "ಎಂಜಲ ಆತಲ್ಲ ತಂಗೀ!" ಎಂದು ನಿಜವಾಗಿಯೂ ಗಾಬರಿಯಾದರು. ಅಂದಿನಿಂದ ಗ್ಲೌಸಿನ ಬಾಯಿಯನ್ನು ಎರಡೂ ಕೈಲಿ ಹಿಡಿದು ಗಾಳಿಯಲ್ಲಿ ಬೀಸಿ, ತಿರುವಿ, ಒಳಗಿನ ಗಾಳಿ ಸೋರುತ್ತದೆಯೇ ಎಂದು ಕಿವಿಗೆ ಹಿಡಿದು ಕೇಳುತ್ತಿದ್ದರು.

ಮನೆಗೂ ಒಂದು ಡಬ್ಬಿ ಒಯ್ದಿದ್ದರಂತೆ. ಅವರ ಹೆಂಡತಿ, ನಾವೆಲ್ಲ ವೈನಿ ಅನ್ನುತ್ತಿದ್ದವರು, ಡಬ್ಬಿಯನ್ನು ತಿರುಗಿಸಿ ನೋಡಿ, "ಮನ್ಯಾಗ ಒಂದು ಮಡಿ ಅದ, ಅದಽ ಸಾಕಾಗ್ಯದ. ಎರಡನೇದು ತರಬ್ಯಾಡ್ರಿ" ಎಂದು ವಾಪಸು ಕೊಟ್ಟರಂತೆ. ಇದನ್ನು ಆಚಾರ್ರೇ ನಮಗೆ ಹೇಳಿ ನಕ್ಕಿದ್ದರು.

ಇಷ್ಟೇ ಆಗಿದ್ದರೆ ಆಚಾರ್ರು ನಗಿಸುವ ಮನುಷ್ಯರಾಗಿ ಉಳಿದುಬಿಡುತ್ತಿದ್ದರು. ಆದರೆ ನಮ್ಮಲ್ಲಿ ದುರುಗಮ್ಮ ಇದ್ದಳು.

ದುರುಗಮ್ಮ ಯಾದಗಿರಿ ಕಡೆಯವಳು. ಗಂಡ ಮಾಧಾಪುರದಲ್ಲಿ ಗಾಜಿನ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುತ್ತಿದ್ದ. ಆ ಕಟ್ಟಡಗಳಲ್ಲಿ ಕೂತವರು ಉಂಡ ಪಾತ್ರೆಯನ್ನು ಹೆಂಡತಿ ನಾಚಾರಂನಲ್ಲಿ ತಿಕ್ಕುತ್ತಿದ್ದಳು. ಹಿಂದಿನ ಅಂಗಳದ ತೊಳೆಯುವ ಕಟ್ಟೆಯಲ್ಲಿ ಹಂಡೆಯಂಥ ದೊಡ್ಡ ದೊಡ್ಡ ಡೇಗುಗಳು, ಸೋಡಾ ಕಲಸಿದ ಬಿಸಿನೀರು. ನಮ್ಮ ಕಡೆ ಪಾತ್ರೆ ತೊಳೆಯುವುದಕ್ಕೂ ಮುಸುರೆ ತಿಕ್ಕುವುದು ಅಂತಲೇ ಹೆಸರು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ನೀರಿನಿಂದ ಎದ್ದು ಒಲೆಯ ಕಡೆ ಬರುವುದು. "ಅಕ್ಕಾರ, ನಂಗ ರೊಟ್ಟಿ ಬಡಿಯಾಕ ಭಾಳ ಛಲೋ ಬರ್ತೈತ್ರಿ. ಒಲಿ ಕಡೆ ಹಾಕ್ರಿ. ಈ ನೀರಾಗ ಕೈ ಇಟ್ಟು ಇಟ್ಟು, ಮನಿಗಿ ಹೋದ್ರ ಕೂಸಿನ ಮೈ ಮುಟ್ಟಾಕ ಆಗವಲ್ದು, ಅಷ್ಟು ಉರೀತೈತಿ" ಎಂದು ನನ್ನ ಹತ್ತಿರ ಆಗಾಗ ಹೇಳುತ್ತಿದ್ದಳು.

ಒಲೆಯ ಕಡೆ ಯಾರು ಬರಬೇಕು ಎಂಬುದು ಆಚಾರ್ರ ಕೈಯಲ್ಲಿತ್ತು. ನಾನು ಕೇಳಿದೆ. "ಮುಸುರಿ ಕಡಿ ಕೈ ಒಲಿ ಕಡಿ ಬರಬಾರದು ತಂಗಿ" ಅಂದರು.

"ಗ್ಲೌಸ್ ಬದಲಿ ಮಾಡಿದ್ರ ಸಾಕು ಅಂತ ನೀವಽ ಹೇಳ್ತೀರಲ್ರಿ?"

"ಗ್ಲೌಸ್ ಬ್ಯಾರೆ. ಮನಷ್ಯಾ ಬ್ಯಾರೆ" ಎಂದು ಚಾವಣಿ ನೋಡಿದರು.

ನನಗೆ ಸಿಟ್ಟು ಬಂತು. ದುರುಗಮ್ಮ ಊರ ಹೊರಗಿನ ಕೇರಿಯವಳೆಂದು ಯಾರೂ ಅವರಿಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕೇಳದೆಯೇ ತಿಳಿದುಕೊಳ್ಳುವ ವಿದ್ಯೆ ನಮ್ಮವರಿಗೆ ಹುಟ್ಟಿನಿಂದ ಬರುತ್ತದೆ. ಗ್ಲೌಸಿಗೆ ಅಷ್ಟು ಚೆನ್ನಾಗಿ ಒಪ್ಪಿದ ಮಡಿ ಮನುಷ್ಯರಿಗೆ ಹಚ್ಚಿದಾಗ ಎಷ್ಟು ಕೆಟ್ಟದ್ದು ಎಂದು ಆ ದಿನ ಕಣ್ಣಾರೆ ಕಂಡೆ. ಒಂದು ವಾರ ಅವರೊಂದಿಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದೆ. ಅವರು ಅದನ್ನು ಗಮನಿಸಲೇ ಇಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಅಷ್ಟರಲ್ಲಿ ಜೋಳದ ರೊಟ್ಟಿ ಬಂತು. ಆ ದೊಡ್ಡ ಕಂಪನಿಯಲ್ಲಿ ಧಾರವಾಡ, ಕಲಬುರಗಿ ಕಡೆಯ ಹುಡುಗ ಹುಡುಗಿಯರು ಬಹಳ ಮಂದಿ ಸೇರಿದ್ದರು. ಅವರೆಲ್ಲ ಸೇರಿ ಕ್ಯಾಂಟೀನಿನವರಿಗೆ ದುಂಬಾಲು ಬಿದ್ದು, ಪ್ರತಿ ಗುರುವಾರ ರೊಟ್ಟಿ, ಎಣಗಾಯಿ ಬೇಕು ಅಂದರು. ಮಾಲಕಿ ಮೇಡಂಗೆ ಸಂತೋಷ. ಷರತ್ತು ಮಾತ್ರ ಹಳೆಯದೇ. "ಗ್ಲೌಸ್ ಲೇಕುಂಡಾ ರೊಟ್ಟೆ ಒದ್ದು" ಎಂದು ಅವರು ಆಚಾರ್ರಿಗೆ ಖಡಾಖಂಡಿತವಾಗಿ ಹೇಳಿದರು. ಗ್ಲೌಸ್ ಇಲ್ಲದಿದ್ದರೆ ರೊಟ್ಟಿಯೂ ಇಲ್ಲ.

ಜೋಳದ ರೊಟ್ಟಿ ಬಡಿದವರಿಗೆ ಗೊತ್ತು, ಅದು ಅಂಗೈಯ ಕೆಲಸ. ಹಿಟ್ಟು ಎಲ್ಲಿ ದಪ್ಪಗಿದೆ, ಎಲ್ಲಿ ಹರಿಯಲಿದೆ ಎಂಬುದು ಕೈಗೆ ತಿಳಿಯಬೇಕು. ಚಪಾತಿ ಕಡೆಯ ಇಬ್ಬರು ಹೆಂಗಸರು ಕೂತರು. ಪಾಲಿಥೀನ್ ಹಾಕಿಕೊಂಡಾಗ ಹಿಟ್ಟು ಗ್ಲೌಸನ್ನೇ ಕೈಯಿಂದ ಕಿತ್ತುಕೊಂಡಿತು. ವಿನೈಲ್ ಹಾಕಿಕೊಂಡಾಗ ಅದರ ನಿರಿಗೆಗಳೆಲ್ಲ ರೊಟ್ಟಿಯ ಮೇಲೆ ಅಚ್ಚಾಗಿ, ಮುದುಕಿಯ ಹಣೆಯ ಹಾಗೆ ಕಂಡಿತು. ನೈಟ್ರೈಲು ಅವರ ಕೈಗೆ ಸರಿಯಾಗಿ ಕೂತರೂ, ರೊಟ್ಟಿ ಬಡಿಯುವ ಹದ ಅವರ ಕೈಯಲ್ಲೇ ಇರಲಿಲ್ಲ. ಕೊನೆಗೆ ಆಚಾರ್ರೇ ಧೋತರ ಎತ್ತಿ ಕಟ್ಟಿ, ನೀಲಿ ಗ್ಲೌಸ್ ಏರಿಸಿ ಕೂತರು. ಸಾವಿರ ಮಂದಿಗೆ ಬೂಂದಿ ಕರಿದ ಕೈ ಅದು, ರೊಟ್ಟಿಯ ಕೈಯಲ್ಲ. ಅವರು ಬಡಿದದ್ದು ಆಂಧ್ರಪ್ರದೇಶದ ನಕ್ಷೆಯಾಗಿ ಬಂತು. ತೆಲಂಗಾಣದ ಹತ್ತಿರ ಆಗಲೇ ಸಣ್ಣ ಬಿರುಕು.

ತೊಳೆಯುವ ಕಡೆಯ ಹೆಂಗಸರು ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದುರುಗಮ್ಮನಿಗೆ ನಗು ತಡೆಯಲಾಗಲಿಲ್ಲ. ನಗು ಮರೆಸಲು ಗ್ಲೌಸಿನ ಕೈಯನ್ನೇ ಮೇಲೆತ್ತಿದಳು. ಎತ್ತಿದ ಕೂಡಲೇ ಆ ಗ್ಲೌಸಿನ ಒಳಗಿಂದ ಬೂದು ಬಣ್ಣದ ನೀರು ಸುರಿದು, ಮುಂಗೈಯಿಂದ ಮೊಣಕೈಗೆ ಇಳಿದು, ನೆಲಕ್ಕೆ ತೊಟ್ಟಿಕ್ಕಿತು.

ಆಚಾರ್ರು ಹಿಟ್ಟಿನಿಂದ ತಲೆ ಎತ್ತಿದರು. "ಏನದು ನೀರು?"

"ಗ್ಲೌಸ್‌ನಾಗಿಂದು ರೀ" ಅಂದಳು ದುರುಗಮ್ಮ, ನಗು ನಿಲ್ಲಿಸಿ.

"ಹಾಕ್ಕೊಂಡ ಮ್ಯಾಲೂ ಒಳಗ ಹೋಗ್ತದ?"

"ದೊಡ್ಡವು ಅದಾವಲ್ರಿ. ತುಂಬ್ತಾವು, ಚೆಲ್ತೀವಿ, ಮತ್ತ ಹಾಕ್ಕೋತೀವಿ. ನಮ್ಮ ಕೈ ಅಳತಿ ಯಾರೂ ತಗೊಂಡಿಲ್ರಿ."

ದೂರಿನ ದನಿ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು, ಅಷ್ಟೇ. ಆದರೆ ಅಲ್ಲಿದ್ದವರಿಗೆಲ್ಲ ಆ ಮಾತಿನ ಹಿಂದಿನದು ಗೊತ್ತಿತ್ತು. ಗ್ಲೌಸಿಗೆ ಅಳತೆ ಇರುತ್ತದೆ. ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತ ಟೇಪು ಹಿಡಿದು ನೋಡಬೇಕು. ಆಚಾರ್ರು ವೈನಿಯವರ ರವಿಕೆ ಹೊಲಿಯುವ ಟೇಪು ತಂದು ಅನ್ನದ ಕಡೆಯವರ, ತರಕಾರಿ ಕಡೆಯವರ, ಚಪಾತಿ ಕಡೆಯವರ ಕೈಯನ್ನೆಲ್ಲ ತಾವೇ ಅಳೆದು ಸಣ್ಣದು, ನಡುವಿನದು, ದೊಡ್ಡದು ಎಂದು ಗೊತ್ತು ಮಾಡಿದ್ದರು. ತೊಳೆಯುವ ಕಟ್ಟೆಯ ಹೆಂಗಸರನ್ನು ಮಾತ್ರ ಬಾಗಿಲಲ್ಲಿ ನಿಂತು ಕಣ್ಣಳತೆಯಲ್ಲಿ ನೋಡಿ, "ದುಡಿಯೋ ಕೈ, ದೊಡ್ಡವು ನಡೀತಾವ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಅಳೆಯಬೇಕಾದರೆ ಮುಟ್ಟಬೇಕಿತ್ತಲ್ಲ.

ದುರುಗಮ್ಮ ಗ್ಲೌಸ್ ಕಳಚಿ ಅಂಗೈ ತೋರಿಸಿದಳು. ಬೆರಳ ಸಂದಿಯಲ್ಲೆಲ್ಲ ಚರ್ಮ ಬಿರಿದು, ಕೆಲವು ಕಡೆ ರಕ್ತ ಒಣಗಿತ್ತು. ಬರಿಗೈಯಾಗಿದ್ದರೆ ಸೋಡಾ ನೀರು ಹರಿದಾದರೂ ಹೋಗುತ್ತಿತ್ತು. ಸಡಿಲ ಗ್ಲೌಸು ಅದನ್ನು ಒಳಗೆ ಹಿಡಿದಿಟ್ಟು ದಿನವಿಡೀ ಕೈಯನ್ನು ನೆನೆಸಿತ್ತು. ಆಚಾರ್ರು ಕೂತಲ್ಲಿಂದಲೇ ನೋಡಿದರು. ಆ ಮಧ್ಯಾಹ್ನ ವ್ಯಾನುಗಳು ಹೊರಡುವವರೆಗೂ ಒಮ್ಮೆಯೂ ‘ಮುಸುರಿ ಆತು’ ಎಂಬ ಕೂಗು ಕೇಳಲಿಲ್ಲ. ಡ್ರೈವರುಗಳು ನನ್ನ ಹತ್ತಿರ ಬಂದು, ಅಚಾರ್ ಸಾಬ್‌ಗೆ ಹುಷಾರಿಲ್ಲವೇ ಎಂದು ಕೇಳಿ ಹೋದರು.

ಮರುದಿನ ಬೆಳಿಗ್ಗೆ ಅವರು ಟೇಪು ಹಿಡಿದು ಸೀದಾ ನನ್ನ ಮೇಜಿಗೆ ಬಂದರು. "ತಂಗಿ, ಆ ತೊಳಿಯೋ ಮಂದೀದು ಸ್ವಲ್ಪ ಅಳತಿ ತಗೋ."

"ನನಗ ಟೇಪ್ ಹಿಡೀಲಿಕ್ಕೆ ಬರೂದಿಲ್ರಿ ಆಚಾರ್ರ" ಅಂದೆ. ನನ್ನ ರವಿಕೆಗಳನ್ನೆಲ್ಲ ನಾನೇ ಹೊಲಿದುಕೊಳ್ಳುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನನ್ನೂ ನನ್ನ ರವಿಕೆಯ ತೋಳನ್ನೂ ನೋಡಿ, ಹಿಂದಿನ ಅಂಗಳಕ್ಕೆ ಹೊರಟರು. ನಾನು ಎದ್ದು ಹಿಂದೆಯೇ ಹೋದೆ. ಇಂಥದನ್ನು ನೋಡದೆ ಬಿಡುವವಳು ನಾನಲ್ಲ.

ದುರುಗಮ್ಮ ಕೈ ಒರೆಸಿಕೊಂಡು ನಿಂತಳು. ಆಚಾರ್ರು ಜೇಬಿನಿಂದ ಒಂದು ಜೋಡಿ ನೀಲಿ ಗ್ಲೌಸ್ ತೆಗೆದು, ತಮ್ಮ ಕೈಗೆ ಹಾಕಿಕೊಂಡು, ಟೇಪನ್ನು ಅವಳ ಅಂಗೈಗೆ ಸುತ್ತಿದರು. ಗ್ಲೌಸಿನ ಬೆರಳಲ್ಲಿ ಟೇಪು ನಿಲ್ಲದೆ ಜಾರಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು.

"ಆಚಾರ್ರ, ಈ ಗ್ಲೌಸ್ ಯಾರಿಂದ ಯಾರಿಗ್ರಿ?" ಎಂದು ಕೇಳಿದಳು ದುರುಗಮ್ಮ.

ಅವಳು ಕುಹಕದಿಂದ ಕೇಳಿದಳೋ, ಪಾಠ ಒಪ್ಪಿಸುವ ಹಾಗೆ ಕೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಆಚಾರ್ರ ಮುಖ ಕೆಂಪಾಯಿತು. ಎಲ್ಲರಿಗೂ ಕಲಿಸಿದ್ದ ರೀತಿಯಲ್ಲೇ ಗ್ಲೌಸನ್ನು ಮುಂಗೈಯ ಹತ್ತಿರ ಚಿವುಟಿ, ಒಳಗಿನದು ಹೊರಗಾಗುವಂತೆ ಎಳೆದು, ಒಂದರೊಳಗೆ ಒಂದನ್ನು ಸುತ್ತಿ ಕಸದ ಡಬ್ಬಿಗೆ ಹಾಕಿದರು. ಬರಿಗೈಯಿಂದ ಅವಳ ಕೈ ಹಿಡಿದರು.

"ಬೆರಳು ಕೂಡ್ಸು. ಹೆಬ್ಬೆಟ್ಟು ಬಿಡು" ಅಂದರು. ಟೇಪು ನೋಡಿದರು. "ಸಣ್ಣ ಅಳತಿ" ಅಂದರು. ಆಮೇಲೆ ತಮಗೇ ಹೇಳಿಕೊಳ್ಳುವವರ ಹಾಗೆ, "ಎಷ್ಟು ಸಣ್ಣ ಕೈ ಅದ" ಅಂದರು. ಅಲ್ಲಿದ್ದ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಕೈ ಚಾಚಿದರು. ಎಲ್ಲರದೂ ಅಳೆದರು. ಸೋಡಾ ನೀರಿಗೆ ಈ ತೆಳು ಮಾಲು ನಡೆಯುವುದಿಲ್ಲ, ಮೊಣಕೈವರೆಗೆ ಬರುವ ದಪ್ಪ ರಬ್ಬರಿನದೇ ಬೇಕು, ಅದೂ ಅಳತೆಗೆ ಸರಿಯಾಗಿ ಎಂದು ಆ ದಿನವೇ ನನ್ನಿಂದ ತರಿಸಿದರು.

ಗುರುವಾರ ಆಚಾರ್ರೇ ಕರೆದು ದುರುಗಮ್ಮನನ್ನು ರೊಟ್ಟಿಗೆ ಕೂರಿಸಿದರು. ಅಷ್ಟರಲ್ಲಿ ಅವಳ ಕೈಗೆ ಮುಲಾಮು ಹಚ್ಚಿ, ಗಾಯ ಮಾಯುವವರೆಗೆ ನೀರಿನ ಕೆಲಸ ಬಿಡಿಸಿದ್ದರು. ಸಣ್ಣ ಅಳತೆಯ, ಪುಡಿಯಿಲ್ಲದ ನೀಲಿ ನೈಟ್ರೈಲು ಅವಳ ಕೈಗೆ ಎರಡನೇ ಚರ್ಮದಂತೆ ಕೂತಿತ್ತು. ಅಂಗೈ ನೀರಲ್ಲಿ ಅದ್ದಿ ಬಡಿದಳು. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗುತ್ತ ಹೋಯಿತು. ನಿರಿಗೆಯಿಲ್ಲ, ಬಿರುಕಿಲ್ಲ. ಬಡಿಯುವುದು ಗ್ಲೌಸ್ ಹಾಕಿದ ದುರುಗಮ್ಮ, ಹಂಚಿನ ಮೇಲೆ ಬೇಯಿಸುವುದು ಅರಿವೆ ಹಿಡಿದ ಇನ್ನೊಬ್ಬಾಕೆ ಎಂದು ಆಚಾರ್ರು ಕೆಲಸ ಹಂಚಿದರು. ಅವಳು ಮತ್ತೆ ತೊಳೆಯುವ ಕಟ್ಟೆಗೆ ಹೋಗಲಿಲ್ಲ. ಆಚಾರ್ರು ಮತ್ತೆ ‘ಮುಸುರಿ ಆತು’ ಎಂದು ಕೂಗಲು ಶುರುಮಾಡಿದರು, ಗ್ಲೌಸುಗಳಿಗೆ ಮಾತ್ರ.

ಕೈ ಅಳೆದ ಆ ಬೆಳಿಗ್ಗೆ ಗ್ಲೌಸಿನ ಜೊತೆಗೇ ಅವರು ಹಳೆಯದನ್ನೆಲ್ಲ ಕಳಚಿ ಎಸೆದರೆಂದು ನಾನು ನಂಬಿದ್ದೆ. ಹಲವರ ಮುಂದೆ ಹಾಗೆಂದು ಹೇಳಿಯೂ ಇದ್ದೆ. ಒಬ್ಬ ಮನುಷ್ಯ ಒಂದು ಬೆಳಿಗ್ಗೆಯಲ್ಲಿ ಬದಲಾದ ಅನ್ನುವುದು ಹೇಳಲಿಕ್ಕೆ ಬಹಳ ಚಂದ ಇರುತ್ತದೆ.

ಅಡುಗೆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ದುರುಗಮ್ಮ ಈಗ ಉಪ್ಪಲ್‌ನಲ್ಲಿ ಸ್ವಂತ ರೊಟ್ಟಿ ಅಂಗಡಿ ಇಟ್ಟಿದ್ದಾಳೆ. ಸಂಜೆಯಾದರೆ ತೆಲುಗಿನವರು ‘ಜೊನ್ನ ರೊಟ್ಟೆ’ ಎಂದು ಸಾಲು ನಿಲ್ಲುತ್ತಾರೆ. ಆಚಾರ್ರು ತೀರಿಕೊಂಡ ಸುದ್ದಿ ತಿಳಿದು ನಾವಿಬ್ಬರೂ ಕೂಡಿ ವೈನಿಯವರನ್ನು ಮಾತಾಡಿಸಲು ಹೋದೆವು. ದುರುಗಮ್ಮ ಹೊಸ್ತಿಲ ಹೊರಗೇ ನಿಂತಳು. "ಯಾಕ ಅಲ್ಲೇ ನಿಂತಿ? ಬಾ ಒಳಗ" ಎಂದು ವೈನಿ ಕರೆದು ಕೂರಿಸಿ, ಮುಖ ದಿಟ್ಟಿಸಿದರು.

"ದುರುಗಮ್ಮ ಅಂದ್ರ ನೀನಽ ಏನು?"

"ಹೌದ್ರೀ ಅವ್ವಾರ."

"ನಿನ್ನ ಸಲುವಾಗಿ ನನ್ನ ಗ್ಯಾಸ್ ಭಾಳ ಖರ್ಚಾಗ್ಯದ ನೋಡು" ಅಂದರು ವೈನಿ. "ನಿನ್ನ ಕೈ ಅಳತಿ ತಗೊಂಡು ಬಂದ ದಿನ ಬಾಗಲದಾಗ ನಿಂತು ನೀರು ಕಾಸು ಅಂದ್ರು. ತಲಿ ಮ್ಯಾಲ ನೀರು ಹಾಕ್ಕೊಂಡಽ ಒಳಗ ಬಂದ್ರು. ನೀ ಒಲಿ ಕಡೆ ಬಂದ ಮ್ಯಾಲಂತೂ ದಿನಾ ಅದಽ ಆತು. ಥಂಡಿ ಇರಲಿ, ಮಳಿ ಇರಲಿ, ಮೊದಲು ಸ್ನಾನ, ಆಮ್ಯಾಲ ಮನಿ."

ದುಃಖದ ಮನೆಯಲ್ಲಿ ಈ ಮಾತು ಯಾಕೆ ಬೇಕಿತ್ತು, ಅದೂ ಇವಳ ಎದುರಿಗೆ ಎಂದು ವೈನಿಯವರ ಮೇಲೆ ಕೋಪ ಬಂತು. ತೀರಿಹೋದವರ ಮೇಲೂ ಬಂತು. ದುರುಗಮ್ಮ ತನ್ನ ಅಂಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಕೇಳಿದಳು.

"ಕಡೀತನಕಾ ಹಂಗ ಮಾಡಿದ್ರೇನ್ರಿ?"

"ಇಲ್ಲ. ಒಂದಿನ ಮರತ್ರು. ಸೀದಾ ಒಳಗ ಬಂದು ತಾಟಿನ ಮುಂದ ಕೂತು, ಇವತ್ತು ಏನು ಪಲ್ಯಾ ಅಂದ್ರು. ಮರದಿನಾನೂ ಮರತ್ರು. ಆಮ್ಯಾಲ ಮರತಽ ಬಿಟ್ರು."

"ನೀವು ನೆನಪು ಮಾಡ್ಲಿಲ್ರಿ?"

"ನಾ ಯಾಕ ಮಾಡ್ಲಿ?" ಅಂದರು ವೈನಿ. "ಯಾವಾಗ ಮರೀತಾರ ಅಂತ ನೀರು ಕಾಸ್ಕೋತ ಕಾಯ್ಕೋತ ಕೂತಿದ್ದೆ."

ಅಲ್ಲಿಯವರೆಗೆ ಅಳದಿದ್ದ ದುರುಗಮ್ಮ ಆಗ ಅತ್ತಳು. ನಾನೂ ಅತ್ತೆ.